ತಿಥಿಯ ದಿನದ ಗುಳಿಗೆ

ದೊಡ್ಡಪ್ಪನಿಗೆ,

ನನಗೆ ಕನ್ನಡ ಬರುತ್ತದೆ. ಕಾಸರಗೋಡಿನ ಶಾಲೆಯಲ್ಲಿ ನಾಲ್ಕನೆಯವರೆಗೆ ಕಲಿತದ್ದೆಲ್ಲ ಮರೆತುಹೋಗಿದೆ ಎಂದು ನಿಮಗೆ ಹೇಳಿದ್ದು ಸುಳ್ಳು. ಹತ್ತನೆಯ ಕ್ಲಾಸು ಬಿಟ್ಟು, ತಿರುವನಂತಪುರದಲ್ಲಿ ಅಪ್ಪನೊಂದಿಗೆ ಸರಿಹೋಗದೆ ತ್ರಿಪ್ಪುಣಿತ್ತುರದ ನಿಮ್ಮ ಮನೆಗೆ ಬಂದವ ನಾನು. ಕನ್ನಡ ಬರುತ್ತದೆಂದು ತಿಳಿದರೆ ಪುಸ್ತಕ ಕೊಟ್ಟು ಕೂರಿಸುತ್ತೀರಿ ಎಂದು ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದೆ. ಮಧ್ಯಾಹ್ನ ನೀವು ನಿದ್ದೆಹೋದಾಗ ನಿಮ್ಮ ವಾರಪತ್ರಿಕೆಗಳನ್ನು ಓದುತ್ತಿದ್ದೆ.

ಹೋದ ವರ್ಷ ಅಜ್ಜನ ತಿಥಿಯ ಮುನ್ನಾದಿನ ನೀವು ಬಿಪಿ ಗುಳಿಗೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಿರಿ. ತೆಗೆದುಕೊಳ್ಳಲಿಲ್ಲವಲ್ಲ ಎಂದು ಕೇಳಿದೆ. "ತಿಥಿ ಮಾಡುವವನಿಗೆ ಇವತ್ತು ಒಪ್ಪೊತ್ತು, ಒಂದೇ ಹೊತ್ತಿನ ಊಟ. ನಾಳೆ ಬ್ರಾಹ್ಮಣರ ಊಟ ಆಗುವವರೆಗೆ ಏನೂ ಇಲ್ಲ. ಅಜ್ಜನಿಗೆ ಬಡಿಸುವ ಮೊದಲು ನಾನು ಗುಳಿಗೆ ನುಂಗುವುದಾ? ಎರಡು ದಿವಸ ಬಿಟ್ಟರೆ ಬಿಪಿ ಎಲ್ಲಿಗೂ ಓಡಿಹೋಗ್ಲಿಕ್ಕಿಲ್ಲ ಮಾರಾಯ" ಎಂದು ನಕ್ಕಿರಿ.

ಮರುದಿನ ಬೆಳಗ್ಗೆಯೇ ತಲೆ ಸಿಡಿಯುತ್ತಿದೆ ಎಂದಿರಿ. ಫ್ಯಾನಿನ ಕೆಳಗೂ ಬೆವರುತ್ತಿದ್ದಿರಿ. ಎಳ್ಳುನೀರು ಬಿಡುವ ಕೈ ನಡುಗಿ ನೀರು ಪಂಚೆಯ ಮೇಲೆ ಚೆಲ್ಲಿತು. "ಹಸಿವು ಅಷ್ಟೆ, ಬೇಗ ಮುಗಿಸಿ" ಎಂದು ದೊಡ್ಡಮ್ಮ ಭಟ್ಟರಿಗೆ ಹೇಳಿದರು. ಆಮೇಲೆ ನೀವು ಬಗ್ಗಿದಿರಿ. ಅಜ್ಜನಿಗೆ ನಮಸ್ಕಾರ ಮಾಡುತ್ತಿದ್ದೀರಿ ಎಂದುಕೊಂಡೆವು. ಏಳುತ್ತೀರಿ ಎಂದು ಎಲ್ಲರೂ ಕಾಯುತ್ತ...

ಆಸ್ಪತ್ರೆಯ ಡಾಕ್ಟರು ನನ್ನ ಕೈಯಲ್ಲಿದ್ದ ಗುಳಿಗೆಯ ಸ್ಟ್ರಿಪ್ ನೋಡಿ, "ಇದನ್ನು ಕೊನೆಗೆ ತೆಗೆದುಕೊಂಡದ್ದು ಯಾವಾಗ?" ಎಂದು ಕೇಳಿದರು. ಬಿಪಿ ಗುಳಿಗೆಗಳೆಲ್ಲ ಒಂದೇ ಜಾತಿಯವಲ್ಲವಂತೆ. ನಿಮ್ಮದು ಕ್ಲೊನಿಡಿನ್. ರಕ್ತನಾಳವನ್ನು ಬಿಗಿಮಾಡು, ಹೃದಯವನ್ನು ಓಡಿಸು ಎಂದು ನರಗಳ ಮೂಲಕ ಹೋಗುವ ಅಪ್ಪಣೆಯನ್ನು ಅದು ಮಿದುಳಿನಲ್ಲೇ ತಗ್ಗಿಸುತ್ತದಂತೆ. ಒಮ್ಮೆಲೇ ಬಿಟ್ಟರೆ ಅದುಮಿಟ್ಟ ನರಗಳೆಲ್ಲ ಒಟ್ಟಿಗೆ ಏಳುತ್ತವೆ. ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಹೋಗುತ್ತದೆ. ಬಿಡುವುದಿದ್ದರೂ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ತಲೆನೋವು, ಬೆವರು, ನಡುಕ ಎಲ್ಲ ಅದೇ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಇದನ್ನು ಯಾರಾದರೂ ನಿಮಗೆ ಮೊದಲೇ ಹೇಳಿದ್ದರೇ? ಹೇಳಿದ್ದರೆ ನೀವು ಕೇಳುತ್ತಿದ್ದಿರೇ?

ಭಟ್ಟರನ್ನು ನಾನು ಆಮೇಲೆ ಕೇಳಿದೆ. "ಔಷಧಕ್ಕೆ ಯಾವ ಅಡ್ಡಿ? ನಿನ್ನ ದೊಡ್ಡಪ್ಪ ಕೇಳಿದ್ದರೆ ಹೇಳ್ತಿದ್ದೆ" ಎಂದರು. ನೀವು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರು ಯಾರನ್ನು ಏನು ಕೇಳುತ್ತಾರೆ?

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನೀವು ಹೋದ ಮೇಲೆ ಅಪ್ಪನ ಬಿಪಿಯೂ ಹತೋಟಿಗೆ ಬರದೆ, ಅವರಿಗೂ ಇದೇ ಗುಳಿಗೆ ಕೊಟ್ಟಿದ್ದಾರೆ. ನಿಮಗೆ ಮಕ್ಕಳಿಲ್ಲದ್ದರಿಂದ ನಿಮ್ಮ ಮೊದಲ ವರ್ಷದ ತಿಥಿ ಮಾಡುವವರು ಅವರೇ. ಎಡಪ್ಪಳ್ಳಿಯಲ್ಲಿ ನಾನು ಕೆಲಸಕ್ಕಿರುವ ಬ್ಯಾಟರಿ ಅಂಗಡಿಯಿಂದ ಇವತ್ತು ಫೋನ್ ಮಾಡಿ ಎಲ್ಲ ಹೇಳಿದೆ, ಮಲಯಾಳದಲ್ಲಿ.

"ಅಣ್ಣ ಮಾಡಿದ ಹಾಗೆಯೇ ನಾನು ಮಾಡುವುದು. ಶಾಲೆ ಬಿಟ್ಟವ ನನಗೆ ವೈದ್ಯ ಕಲಿಸ್ತಾನೆ!"

"ಅಪ್ಪಾ, ದೊಡ್ಡಪ್ಪ ಸತ್ತದ್ದೇ ಹಾಗೆ ಮಾಡಿ" ಎಂದೆ, ಕನ್ನಡದಲ್ಲಿ.

"ನಿನಗೆ ಇನ್ನೂ ಕನ್ನಡ ಬರ್ತದಾ?"

"ಬರ್ತದೆ. ಗುಳಿಗೆ ತಗೊಳ್ತೀರಾ?"

"ನೋಡುವ."

ನೋಡುವ ಎಂದರೆ ನಮ್ಮಲ್ಲಿ ಇಲ್ಲ ಎಂದೇ ಅರ್ಥ, ನಿಮಗೂ ಗೊತ್ತು. ಅಪ್ಪನಿಗೆ ನನ್ನನ್ನು ಕಂಡರಾಗುವುದಿಲ್ಲ, ನನಗೂ ಅಲ್ಲಿಗೆ ಹೋಗುವ ಮನಸ್ಸಿಲ್ಲ. ಆದರೆ ನಾಡಿದ್ದು ಅವರ ಒಪ್ಪೊತ್ತು. ಬೆಳಗ್ಗೆ ಗುಳಿಗೆಯನ್ನೂ ನೀರನ್ನೂ ಹಿಡಿದು ಅವರ ಎದುರು ನಿಲ್ಲುತ್ತೇನೆ, ನುಂಗುವವರೆಗೆ ಸರಿಯುವುದಿಲ್ಲ. ಮರುದಿನ, ನಿಮಗೆ ಬಡಿಸುವ ಮೊದಲು, ಇನ್ನೊಮ್ಮೆ. ನೀವು ಬೇಸರಿಸಬೇಡಿ.

ನಾಳೆ ಬೆಳಗ್ಗಿನ ರೈಲಿಗೆ ತಿರುವನಂತಪುರಕ್ಕೆ ಹೊರಡುತ್ತೇನೆ.