ಒಂದೇ ಥಾನಿನ ಸಂಸಾರ

ಅಕ್ಕನಿಗೆ ನಮಸ್ಕಾರ.

ಸಮುದ್ರದೂರು ಮುಟ್ಟಿದೆವು. ನನ್ನ ಮರ್ಯಾದೆಯೊಂದು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ಈ ಒಂದು ವಾರದ ಪ್ರವಾಸಕ್ಕೆಂದು ನಾನು ತಿಂಗಳುಗಟ್ಟಲೆ ತಲೆ ಓಡಿಸಿದ್ದು ನಿನಗೆ ಗೊತ್ತೇ ಇದೆ. ಜನಜಂಗುಳಿಯಲ್ಲಿ ಯಾರೂ ತಪ್ಪಿಸಿಕೊಳ್ಳಬಾರದೆಂದು ಒಂದೇ ಥಾನಿನ ನೀಲಿ ಪಟ್ಟೆ ಬಟ್ಟೆಯಲ್ಲಿ ನಮ್ಮಿಬ್ಬರಿಗೂ ಇಬ್ಬರು ಮಕ್ಕಳಿಗೂ ಹೊಲಿದೆ. ಬೇರೆ ಬಟ್ಟೆ ಪೆಟ್ಟಿಗೆಗೆ ಹಾಕಲೂ ಬಿಡಲಿಲ್ಲ. ಇಲ್ಲಿ ಲಾಡ್ಜಿನ ಕೋಣೆಯ ಬಾಗಿಲು ತೆಗೆದರೆ ಪರದೆ, ದಿಂಬು, ಹೊದಿಕೆ ಎಲ್ಲವೂ ಅದೇ ನೀಲಿ ಪಟ್ಟೆ!

ನನ್ನಾಕೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಇಷ್ಟು ವರ್ಷ ಟೈಲರ್ ಆಗಿದ್ದೀರಿ, ಇದು ಪರದೆ ಬಟ್ಟೆ ಅಂತ ಗೊತ್ತಾಗ್ಲಿಲ್ವಾ?"

"ಗಟ್ಟಿ ಬಟ್ಟೆ, ಬಾಳಿಕೆ ಬರುತ್ತೆ ಅಂದ್ಕೊಂಡೆ ಕಣೇ."

"ಈ ವೇಷದಲ್ಲಿ ನಾನಂತೂ ಹೊರಗೆ ಬರಲ್ಲ," ಎಂದು ಗೋಡೆ ಕಡೆ ತಿರುಗಿ ಮಲಗಿದಳು. ವಾರವೆಲ್ಲ ನೀರುಪಾಲಾಯಿತೆಂದುಕೊಂಡೆ.

ಬೆಳಿಗ್ಗೆ ಪಕ್ಕದ ಕೋಣೆಯ ಯಜಮಾನರು ನನ್ನ ಅಂಗಿ ಕಂಡು ಲಾಡ್ಜಿನ ಆಳೆಂದುಕೊಂಡು, "ಏನಯ್ಯಾ, ಬಿಸಿನೀರು ಕೇಳಿ ಎಷ್ಟೊತ್ತಾಯ್ತು?" ಎಂದು ಗದರಿದರು. ನಾನೋ, ಬುದ್ಧಿಗೇಡಿ, "ಈಗ ತಂದೆ ಸಾರ್," ಎಂದು ಬಕೆಟ್ ಹೊತ್ತುಕೊಂಡು ಹೋಗಿ ಕೊಟ್ಟೂಬಿಟ್ಟೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಇವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚಪ್ಪಲಿ ಮೆಟ್ಟಿ, ಮಕ್ಕಳ ಕೈಹಿಡಿದು ಸಮುದ್ರಕ್ಕೆ ಹೊರಟಳು.

ಬಿಸಿಲಿಗೆ ನನ್ನ ಮೂಗು ಸುಲಿದಿದೆ, ಗಾಬರಿಯಾಗಬೇಡ. ನಿನ್ನ ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಕೋಣೆಯಲ್ಲಿ ತೆಗೆಸಿದ ಫೋಟೋ ತರುತ್ತೇನೆ. ಅದರಲ್ಲಿ ಪರದೆಯ ಮೇಲೆ ನಾಲ್ಕು ತಲೆಗಳು ಮಾತ್ರ ಕಾಣುತ್ತವೆ. ಅವುಗಳಲ್ಲಿ ಮೂಗು ಸುಲಿದ ತಲೆಯೇ

ನಿನ್ನ ತಮ್ಮ.