ಮೂರನೆಯ ವಾರದ ರಾತ್ರಿ ಪಾಳಿ

ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೊಂಡಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕುಶಲ ಆಮೇಲೆ ಕೇಳುತ್ತೇನೆ. ಹತ್ತೊಂಬತ್ತು ಸುತ್ತು. ಸುತ್ತಿಗೆ ಮೂವತ್ತೈದರಂತೆ ಆರುನೂರ ಅರವತ್ತೈದು ದಿನ. ನಿನ್ನ ಗಂಡ ಒಲೆಯ ಮುಂದೆ ನಿಂತ ನೂರ ಹದಿನಾಲ್ಕು ರಾತ್ರಿ. ನೀನು ಸ್ನಾನದ ಕೋಣೆಯ ಅಗುಳಿ ಹಾಕಿ, ನಲ್ಲಿ ಬಿಟ್ಟುಕೊಂಡು ಅತ್ತ ಹತ್ತೊಂಬತ್ತು ಬೆಳಗು. ಮೂವತ್ತನಾಲ್ಕಿದ್ದ ನಿನ್ನ ವಯಸ್ಸು ಮೂವತ್ತಾರಾಯಿತು. ಕೊನೆಯದು ಒಂದು ಸಂಸಾರ. ಅದು ಇನ್ನೂ ಪೂರ್ತಿ ಕೈಬಿಟ್ಟು ಹೋಗಿಲ್ಲ. ಶುಕ್ರವಾರ ನೀವಿಬ್ಬರೂ ವಕೀಲರ ಮೇಜಿನ ಮುಂದೆ ಕುಳಿತು ಸಹಿ ಹಾಕುವವರೆಗೆ ಸಮಯವಿದೆ. ಅದಕ್ಕೇ ಈ ಪತ್ರ.

ಫೋನು ಮಾಡಬಹುದಿತ್ತು. ಆದರೆ ಬಾಯಿ ತೆರೆದರೆ ನಾನು ಗೆದ್ದುಬಿಡುತ್ತೇನೆ, ನಿನಗೇ ಗೊತ್ತು. ಚಿಕ್ಕಂದಿನಿಂದ ನಿನ್ನ ಪೆನ್ಸಿಲ್ ಮುರಿದವಳೂ ನಾನೇ, ಕೊನೆಗೆ ನಿನ್ನಿಂದ ಕ್ಷಮೆ ಕೇಳಿಸಿಕೊಂಡವಳೂ ನಾನೇ. ಕಾಗದದ ಮೇಲೆ ಆ ಆಟ ನಡೆಯುವುದಿಲ್ಲ.

ಹೋದ ವಾರ, ಮನೆ ಬಿಟ್ಟು ಸೇರಿಕೊಂಡ ಹೆಂಗಸರ ಹಾಸ್ಟೆಲಿನ ಕೋಣೆಯಿಂದ ನೀನು ಬರೆದ ನಾಲ್ಕು ಸಾಲು ನನ್ನ ಕೈಚೀಲದಲ್ಲೇ ಇದೆ. "ಅಕ್ಕಾ, ನಿನ್ನಷ್ಟು ಯಾರೂ ಮಾಡಲಿಲ್ಲ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ನಾನೇ ಸರಿಯಿಲ್ಲ. ಅವರಾದರೂ ಬೇರೆ ಮದುವೆಯಾಗಿ ಮಗುವಿನ ಮುಖ ನೋಡಲಿ." ಇದನ್ನು ಓದಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ಯಾರ ಮುಖವನ್ನೂ ನೋಡದೆ, ಗೋಡೆಗೆ ತಿರುಗಿ ಕುಳಿತು ಉಂಡೆ.

ಮೊಂಡಿ, ಲೆಕ್ಕ ತಪ್ಪಿತ್ತು.

ಹೇಗೆ ಎಂದು ಬಿಡಿಸಿ ಹೇಳುತ್ತೇನೆ. ನನ್ನ ಮುಟ್ಟು ಇಪ್ಪತ್ತೆಂಟು ದಿನಕ್ಕೊಮ್ಮೆ, ಬಾಡಿಗೆ ಕೇಳಲು ಬರುವ ಮನೆಯೊಡೆಯನ ಹಾಗೆ, ಒಂದು ದಿನ ಆಚೀಚೆ ಇಲ್ಲ. ಹದಿನಾಲ್ಕನೆಯ ದಿನದ ಲೆಕ್ಕ ಹಿಡಿದು ನಾನು ಮಗನನ್ನು ಹೆತ್ತೆ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು, ಬ್ರೆಡ್ ಕಾರ್ಖಾನೆಯಲ್ಲಿ ಕಾಗದ ಸುತ್ತುವ ಕೆಲಸದಿಂದ ಪಾಳಿಪಟ್ಟಿ ಬರೆಯುವ ಮೇಜಿಗೆ ಏರಿದವಳು. ನನಗೆ ದಕ್ಕಿದ್ದು ಲೋಕಕ್ಕೆಲ್ಲ ದಕ್ಕುತ್ತದೆ ಎಂಬ ಪೊಗರು. ನೀನು ಬಂದು "ಅಕ್ಕಾ, ಇವರಿಗೆ ಪಾಳಿ, ನನಗೆ ಕನ್ನಡಕದ ಅಂಗಡಿ, ನಾವು ಸಿಗೋದೇ ಕಷ್ಟ" ಅಂದಾಗ, "ಕಷ್ಟ ಏನೇ ಬಂತು? ಪಟ್ಟಿ ಬರೆಯೋಳು ಯಾರು? ನಾನು" ಅಂದೆ.

ನಿನ್ನ ಸುತ್ತು ಮೂವತ್ತೈದು ದಿನದ್ದು ಎಂದು ನೀನು ಹೇಳಿದ್ದೆ. ಸರಿಯಾಗಿ ಐದು ವಾರ. ಪಟ್ಟಿ ಬರೆಯುವವಳಿಗೆ ಇದಕ್ಕಿಂತ ಅನುಕೂಲದ ಹೆಂಗಸು ಸಿಗಲಾರಳು ಎಂದು ನಕ್ಕಿದ್ದೆ. ನೀನು ಮುಟ್ಟಾದ ದಿನದಿಂದ ಎಣಿಸಿ ಎರಡನೆಯ ವಾರ, ಎಂಟರಿಂದ ಹದಿನಾಲ್ಕರವರೆಗೆ, ಅವನಿಗೆ ಹಗಲು ಪಾಳಿ. ಪುಕ್ಕಟೆಯಾಗಿ ಕೊಟ್ಟರೆ ಉಳಿದವರು ಗಲಾಟೆ ಮಾಡುತ್ತಾರೆ. ಅದಕ್ಕೆ ಮೂರನೆಯ ವಾರ, ಹದಿನೈದರ ರಜೆ ಮುಗಿಸಿ, ಅವನು ಆರು ರಾತ್ರಿ ಸಾಲಾಗಿ ನಿಂತು ಋಣ ತೀರಿಸಬೇಕು. ಆ ವಾರ ಅವನು ಬೆಳಿಗ್ಗೆ ಏಳೂವರೆಗೆ ಮನೆ ಮುಟ್ಟಿದರೆ ನೀನು ಏಳೂಕಾಲಿಗೇ ಬಸ್ಸು ಹತ್ತಿರುತ್ತಿದ್ದೆ. ಸಂಜೆ ನೀನು ಬಂದರೆ ಅವನು ಚಪ್ಪಲಿ ಮೆಟ್ಟುತ್ತಿದ್ದ. ಬಾಗಿಲಲ್ಲಿ ಬೀಗದ ಕೈ ಬದಲಾಯಿಸಿಕೊಳ್ಳುವಷ್ಟೇ ಸಂಸಾರ. ಒಮ್ಮೆ ನೀನು ಗೊಣಗಿದಾಗ ನಾನು, "ಹದಿನಾಲ್ಕು ಮುಗಿದ ಮೇಲೆ ಏನಿದೆಯೇ? ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ನಿಂತು ಕೈ ಬೀಸಿದ ಹಾಗೆ" ಅಂದಿದ್ದೆ. ನೀನು ನಕ್ಕಿದ್ದೆ.

ಮೂರನೆಯ ವಾರದಲ್ಲಿ ಬಿಳಿ ಹೋಗುವುದು ಮೊಟ್ಟೆಯ ಲೋಳೆಯ ಹಾಗೆ ತೆಳ್ಳಗೆ, ಎಳೆಎಳೆಯಾಗಿ ಬರುತ್ತದೆ ಎಂದೂ ನೀನು ನಾಚಿಕೊಂಡು ಹೇಳಿದ್ದೆ. ನಾನು ಪಟ್ಟಿಯಿಂದ ತಲೆಯೆತ್ತದೆ, ನೀರು ಕಡಿಮೆ ಕುಡಿದಿದ್ದೀಯ, ಜಾಸ್ತಿ ಕುಡಿ ಅಂದೆ.

ಎಂಟನೆಯ ಸುತ್ತು ಕೈಕೊಟ್ಟ ಮೇಲೆ, ಕೈಗೆ ಬಿಸಿ ತಟ್ಟೆ ತಾಗಿ ಬೊಬ್ಬೆ ಬಂದು, ಕಾರ್ಖಾನೆಯ ನರ್ಸಮ್ಮನ ಕೋಣೆಗೆ ಹೋಗಿದ್ದೆ. ಮುಲಾಮು ಹಚ್ಚುವಾಗ ನನ್ನ ಜಾಣತನವನ್ನು ಅವಳ ಮುಂದೆ ಕೊಚ್ಚಿಕೊಂಡೆ. ಅವಳು ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಮೂವತ್ತೈದು ದಿನದೋಳಿಗೆ ಹದಿನಾಲ್ಕಾ? ಯಾರು ಹೇಳಿದ್ದು ನಿಮಗೆ?"

"ಯಾಕೆ, ಎಲ್ಲರಿಗೂ ಅಷ್ಟೇ ಅಲ್ವಾ?"

"ಹಿಂದಿನಿಂದ ಎಣಿಸ್ಬೇಕು ಅಕ್ಕಾ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ ಅಂಡ ಬಿಡುಗಡೆ ಆಗೋದು. ಅಂದ್ರೆ ಅವರಿಗೆ ಇಪ್ಪತ್ತೊಂದರ ಹತ್ತಿರ. ಆ ದಿನ, ಅದಕ್ಕೆ ಮುಂಚಿನ ಐದು ದಿನ, ಅಷ್ಟೇ ಫಲದ ದಿನಗಳು. ಅದೂ ಅಂದಾಜು, ಮೈ ಏನು ರೈಲಾ? ಲೋಳೆ ಬರೋದೇ ಅದರ ಗುರುತು."

ಆಮೇಲೆ ಕೇಳಿದಳು, "ಮೂವತ್ತೈದು ದಾಟಿದ್ರೆ ಆರು ತಿಂಗಳು ನೋಡಿ ಇಬ್ಬರೂ ಡಾಕ್ಟರ ಹತ್ತಿರ ಹೋಗ್ಬೇಕು. ಹೋಗಿದ್ದಾರಾ?" ಹೋಗಿರಲಿಲ್ಲ. ನೀನು ಹೋಗುತ್ತೇನೆ ಅಂದಾಗ, ಲೆಕ್ಕ ಇರುವಾಗ ಡಾಕ್ಟರ್ ಯಾಕೆ ಎಂದು ತಡೆದವಳು ನಾನು. ನರ್ಸಮ್ಮನಿಗೆ ಮಾತ್ರ "ಹೋಗಿದ್ದಾರೆ" ಅಂದೆ.

ಮೇಜಿಗೆ ಬಂದು ಹಳೆಯ ಪಟ್ಟಿಗಳನ್ನು ಹರಡಿಕೊಂಡೆ. ಹದಿನಾರರಿಂದ ಇಪ್ಪತ್ತೊಂದು. ಪ್ರತಿ ಸುತ್ತಿನಲ್ಲೂ ಅದೇ ಮೂರನೆಯ ವಾರ, ಅವನ ಹೆಸರಿನ ಮುಂದೆ ನನ್ನದೇ ದುಂಡಗಿನ ಅಕ್ಷರದಲ್ಲಿ "ರಾತ್ರಿ". ಕುರುಡು ಲೆಕ್ಕ ಹಾಕಿದ್ದರೂ ಒಂದೆರಡು ಸಲ ಸರಿ ಬೀಳುತ್ತಿತ್ತು. ನಾನು ಗೆರೆ ಎಳೆದು ತಪ್ಪಿಸಿದ್ದೆ.

ಮಾರನೆಯ ದಿನ ನಿನಗೆ ಹೇಳಲೆಂದೇ ಬಂದೆ, ಆಣೆ ಹಾಕಬಲ್ಲೆ. "ಈ ಸಲ ಮೂರನೇ ವಾರ ಹಗಲು ಪಾಳಿ ಹಾಕ್ಲಾ?" ಅಂದೆ. ನೀನು, "ಯಾಕಕ್ಕಾ, ಬಸ್ಸು ಹೋದ ಮೇಲಾ?" ಅಂದು ನಕ್ಕೆ. ಅಷ್ಟು ಹೊತ್ತಿಗೆ ಕಾರ್ಖಾನೆಯ ಅರ್ಧ ಹೆಂಗಸರು ನನ್ನಿಂದ ದಿನ ಕೇಳಿಕೊಂಡು ಹೋಗುತ್ತಿದ್ದರು. ಅವರಲ್ಲಿ ಇಬ್ಬರಿಗೆ ಗರ್ಭ ನಿಂತೂ ಇತ್ತು. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ ನನ್ನ ಬಾಯಿಗೆ ಬೀಗ ಬಿತ್ತು. "ಸುಮ್ನೆ ಕೇಳ್ದೆ" ಅಂದು ಎದ್ದು ಬಂದೆ.

ಅಲ್ಲಿಂದ ಮುಂದೆ ಹನ್ನೊಂದು ಸುತ್ತು. ನಾನು ತಿಳಿದೂ ಬರೆದ ಅರವತ್ತಾರು ರಾತ್ರಿ. ಇತ್ತ ಹಗಲು ಪಾಳಿ ಸಿಕ್ಕಿದಾಗಲೆಲ್ಲ ಒಲೆಯ ಕಡೆಯವರು ಅವನನ್ನು "ಏನಪ್ಪಾ, ಈ ವಾರ ಮನೇಲಿ ಓವರ್‌ಟೈಮಾ?" ಎಂದು ಗೋಳುಹೊಯ್ದುಕೊಳ್ಳುತ್ತಿದ್ದರು. ಅವನು ಹಲ್ಲು ಕಚ್ಚಿ ಹಿಟ್ಟಿನ ಅಚ್ಚು ತಳ್ಳುತ್ತಿದ್ದ. ಮನೆಯಲ್ಲಿ ನೀನು ನಿನ್ನ ಹೊಟ್ಟೆಯನ್ನೇ ಬೈಯುತ್ತಿದ್ದೆ. ಆಗ ನಾನು ನಿನ್ನ ಬೆನ್ನು ಸವರಿ ಏನೆಂದೆ ನೆನಪಿದೆಯಾ? "ಕೆಲವರ ಮೈ ಹಾಗೆ ಕಣೇ." ಇದನ್ನು ಬರೆಯುವಾಗ ನನ್ನ ಕೈ ನನಗೇ ಹೇಸಿಗೆ.

ದಿನ ಸರಿಯಾಗಿದ್ದರೆ ಮಗುವಾಗುತ್ತಿತ್ತು ಎಂದು ನಾನು ಹೇಳಲಾರೆ. ಆಗುತ್ತಿತ್ತೋ, ಇಲ್ಲವೋ. ಪರೀಕ್ಷೆಗೆ ಕೂರಲೇ ಬಿಡದೆ ನಿನಗೆ ನಪಾಸು ಎಂದು ಬರೆದುಕೊಟ್ಟೆ, ಅಷ್ಟು ಗೊತ್ತು. ನಿನ್ನ ಮೈಯಲ್ಲಿ ದೋಷವಿದೆ ಎಂದು ಇವತ್ತಿನವರೆಗೆ ಯಾವ ಡಾಕ್ಟರೂ ಹೇಳಿಲ್ಲ. ಹೇಳಿದವಳು ನಾನೊಬ್ಬಳೇ.

ನಿನ್ನೆ ಅವನನ್ನು ಹಿಟ್ಟಿನ ಗೋದಾಮಿಗೆ ಕರೆದು ಇದಿಷ್ಟನ್ನೂ ಹೇಳಿದೆ. ಬೈಯುತ್ತಾನೆಂದು ಚೀಲಕ್ಕೆ ಒರಗಿ ನಿಂತಿದ್ದೆ. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ, "ಅತ್ತಿಗೆ, ಇದು ಅವಳಿಗೆ ಗೊತ್ತಾ?" ಅಂದ. ಇಲ್ಲ ಅಂದೆ. "ಮೊದಲು ಅವಳಿಗೆ ಹೇಳಿ. ಶುಕ್ರವಾರದ ಮಾತು ಆಮೇಲೆ. ಮತ್ತೆ ಇನ್ನು ಮುಂದೆ ಪಟ್ಟೀಲಿ ನನ್ನ ಹೆಸರು ನೀವು ಬರೀಬೇಡಿ." ಅಷ್ಟೇ. ಬಾಗಿಲ ಹತ್ತಿರ ತಿರುಗಿ, ಹಾಸ್ಟೆಲಿನ ಊಟ ನಿನಗೆ ಸೇರುತ್ತದೋ ಇಲ್ಲವೋ ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಅದೂ ನಿಜವೇ.

ಜೊತೆಗೆ ನರ್ಸಮ್ಮ ಬರೆದುಕೊಟ್ಟ ಹೆಂಗಸರ ಡಾಕ್ಟರ ವಿಳಾಸ ಇಟ್ಟಿದ್ದೇನೆ. ಹೋಗುವುದಾದರೆ ಇಬ್ಬರೂ ಹೋಗಿ. ಸಹಿಯೇ ಹಾಕುವುದಾದರೆ ಹಾಕು, ಅದು ನಿನ್ನ ಕೈ. ಆದರೆ ನೀನು ಬರಡು ಎಂದುಕೊಂಡು ಹಾಕಬೇಡ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ಇಂತಿ,
ನಿನ್ನ ಅಕ್ಕ

ಮರೆತ ಮಾತು ಎಂದು ಬರೆಯಲು ಹೊರಟೆ. ಮರೆತದ್ದಲ್ಲ, ಮೇಲೆ ಬಚ್ಚಿಟ್ಟದ್ದು. ನಾಚಿಕೆಗೆ ಬಾಯಿ ಬಿಡಲಿಲ್ಲ ಎಂದೆನಲ್ಲ, ಅದು ಅರ್ಧ ಮಾತ್ರ. ಆ ಸಮಯದಲ್ಲೇ ಎರಡನೆಯ ಒಲೆ ಕೆಟ್ಟಿತ್ತು. ರಾತ್ರಿ ಪಾಳಿಯಲ್ಲಿ ಬೇರೆ ಯಾರು ನಿಂತರೂ ಬ್ರೆಡ್ ಒಂದು ಮಗ್ಗುಲು ಕರಕಾಗುತ್ತಿತ್ತು, ನಿನ್ನ ಗಂಡನ ಕೈಗೆ ಮಾತ್ರ ಅದು ಬಗ್ಗುತ್ತಿತ್ತು. ಸುಟ್ಟ ಮಾಲು ಕಡಿಮೆಯಾದರೆ ವಿಭಾಗದ ಮುಖ್ಯಸ್ಥೆಯ ಜಾಗ ನನಗೆ ಎಂದು ಮ್ಯಾನೇಜರ್ ಹೇಳಿದ್ದರು. ನಾನು ಋಣ ಹೊರಿಸಿದ್ದ ಮೂರನೆಯ ವಾರದಲ್ಲಿ ಮಾತ್ರ ಅವನು ರಾತ್ರಿ ಬೇಡ ಅನ್ನುವಂತಿರಲಿಲ್ಲ. ಲೆಕ್ಕ ತಪ್ಪೆಂದು ಒಪ್ಪಿಕೊಂಡಿದ್ದರೆ ನನ್ನ ಹಗಲು ಪಾಳಿಯೂ ಬೇಡ, ಅದರ ಋಣದ ರಾತ್ರಿಯೂ ಬೇಡ ಅಂದುಬಿಡುತ್ತಿದ್ದ. ಇದನ್ನು ಅವನಿಗೆ ಹೇಳಿಲ್ಲ. ನೀನೇ ಹೇಳು.

ಯಾರಿಗೆ ಏನು ಸಿಕ್ಕಿತು ಎಂದರೆ: ಕಾರ್ಖಾನೆಗೆ ಅರವತ್ತಾರು ರಾತ್ರಿಯ ಸುಡದ ಬ್ರೆಡ್. ನನಗೆ ಕುರ್ಚಿ, ಫ್ಯಾನು, ಬಾಗಿಲಿರುವ ಕೋಣೆ. ನಿನ್ನ ಗಂಡನಿಗೆ ಮೊಣಕೈ ಕೆಳಗೆ ಎರಡು ಸುಟ್ಟ ಕಲೆ. ನಿನಗೆ ಏನೂ ಇಲ್ಲ.