ನಮ್ಮ ಮನೆಯಲ್ಲಿ ಅಡಗಿದ್ದ ಇಟಲಿಯವನು

ತೀರ್ಥರೂಪ ಕಾಕಾ ಅವರಿಗೆ ನಿಮ್ಮ ಸಂಗವ್ವನ ಶರಣು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಬರೆಯಲು ಕೈ ಏಳುತ್ತಿಲ್ಲ. ಗೋಕಾಕದ ಪೊಲೀಸ್ ಫೌಜದಾರ ಕಚೇರಿಗೆ ಹೋಗಿ ಬಂದು ಮೂರು ದಿನವಾಯಿತು, ಇನ್ನೂ ಬಾಗಿಲು ಸದ್ದಾದರೆ ಪೊಲೀಸರೇ ಎನಿಸುತ್ತದೆ. ನಿನ್ನೆ ಮೊಸರು ಮಾರುವವಳು ಕೂಗಿದ್ದಕ್ಕೆ ಕೈಯಲ್ಲಿದ್ದ ತಂಬಿಗೆ ಬಿಟ್ಟೆ. ಬದುಕಿದ್ದವರಿಗೆ ಬರೆದರೆ ಕಾಗದ ಯಾರ ಕೈಗೆ ಸಿಗುತ್ತದೋ ಎಂಬ ದಿಗಿಲು. ನೀವಾದರೆ ಹೋಗಿ ವರ್ಷದ ಮೇಲಾಯಿತು, ನಿಮ್ಮನ್ನು ಯಾರೂ ಶೋಧಿಸಿ ಜಡತಿ ಮಾಡುವುದಿಲ್ಲ. ಆದರೂ ನಿಮ್ಮ ಇಟಲಿಯ ಕಾದಂಬರಿಕಾರನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತಿದೆ, ಸಾಕು.

ಆತನ ಪುಸ್ತಕವನ್ನು ನೀವು ಸಂಕೇಶ್ವರದ ಸಂತೆಯಿಂದ ತಂದ ದಿನ ನೆನಪಿದೆಯೆ? ಆಗ ನಾವು ಹುಕ್ಕೇರಿಯಲ್ಲಿದ್ದೆವು, ನೀವು ಕನ್ನಡ ಶಾಲೆಯ ಮಾಸ್ತರರು. ರದ್ದಿ ಮಾರುವವನ ಗಂಟಿನಲ್ಲಿ ಸಿಕ್ಕಿದ ಇಂಗ್ಲಿಷ್ ಪುಸ್ತಕ. ಮೊದಲಿನ ಹಾಳೆಗಳು ಹರಿದುಹೋಗಿದ್ದವು, ಬೆನ್ನಿನ ಮೇಲೆ ಹೆಸರೊಂದು ಉಳಿದಿತ್ತು. ಒಂಬತ್ತು ವರ್ಷ ಪಟ್ಟು ಹಿಡಿದು ಕನ್ನಡಕ್ಕೆ ತಂದಿರಿ. ನೀವು ಹೇಳುವುದು, ನಾನು ಬರೆಯುವುದು. ಕಥೆಯೊಳಗಿನ ಸಿಪಾಯಿ ಯುದ್ಧದಿಂದ ಮನೆಗೆ ಬಂದು ಹೊಸ್ತಿಲಲ್ಲೇ ನಿಂತುಬಿಡುವ ಕಡೆ ನಿಮ್ಮ ದನಿ ಒಡೆದು, ನಿಮ್ಮ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಓಡಿ ಬಂದಿದ್ದಳು.

ಕೊನೆಗೆ ಗ್ರಂಥಕರ್ತನ ಚರಿತ್ರೆ ಬೇಕಲ್ಲ? ಯಾರನ್ನು ಕೇಳುವುದು? "ಯಾರನ್ನೂ ಕೇಳೂದು ಬ್ಯಾಡವಾ, ಕಾದಂಬರಿ ನೆಟ್ಟಗ ಓದಿದ್ರ ಬರದ ಮನಿಷಾ ಎಂಥಾವ ಅಂತ ತಾನ ತಿಳೀತೈತಿ" ಎಂದಿರಿ. ಹೆಸರಿನ ಕೊನೆಗೆ ಅಕಾರ ಬಂದಿತ್ತು. ರಾಮ, ಬಸವ ಇದ್ದ ಹಾಗೆ. "ಅಕಾರಾಂತ ಪುಲ್ಲಿಂಗ, ಬರಕೋ" ಎಂದು ಶುರು ಮಾಡಿ ಒಂದೇ ಬೈಠಕ್ಕಿನಲ್ಲಿ ನಾಲ್ಕು ಪುಟ ಹೇಳಿಬಿಟ್ಟಿರಿ. ಆತ ಮೊದಲು ಸಿಪಾಯಿಯಾಗಿದ್ದ. ಆತನಿಗೆ ಎಡಗಿವಿ ಮಂದ. ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿಯಿಲ್ಲದೆ ರೊಟ್ಟಿ ಮುಟ್ಟುವುದಿಲ್ಲ. ಸಿಟ್ಟು ಬಂದರೆ ಹಿತ್ತಿಲಲ್ಲಿ ಹೋಗಿ ಕೂರುತ್ತಾನೆ, ಯಾರಾದರೂ ಬಂದು ಕರೆಯಲೆಂದು ಕಾಯುತ್ತಾನೆ. ನಾನು ತಲೆ ಬಗ್ಗಿಸಿ ಬರೆದುಕೊಂಡೆ. ಹೇಳಿದ್ದನ್ನು ಬರೆಯುವ ಕೈಗೆ ಯೋಚನೆ ಎಲ್ಲಿರುತ್ತದೆ ಹೇಳಿ...

ನೀವು ಹೋದ ಮೇಲೆ ನನಗೆ ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಯಿತು. ಕಾಕು ನನ್ನ ಜೊತೆಗೆ ಬಂದಳು. ಅಲ್ಲಿ ಯಾರದೋ ಮನೆಯಿಂದ ಓದಲು ತಂದ ಹಳೆಯ ಮರಾಠಿ ಮಾಸಿಕದಲ್ಲಿ ಒಂದು ಚಿತ್ರ ಕಂಡೆ. ಬೈತಲೆ ತೆಗೆದು ತುರುಬು ಕಟ್ಟಿದ, ಮಂಡಿಯ ಮೇಲೆ ಕೈ ಇಟ್ಟು ಕೂತ ಒಬ್ಬ ಮುದುಕಿ. ಕೆಳಗೆ ನಿಮ್ಮ ಇಟಲಿಯವನ ಹೆಸರು. ಕಾಕಾ, ಆತ ಗಂಡಸಲ್ಲ. ಹೆಣ್ಣು! ಗುಡ್ಡದ ಹಳ್ಳಿಯವಳು, ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಅಡುಗೆ ಆದಮೇಲೆ ಅದೇ ಮೇಜು ಒರೆಸಿ ಬರೆಯುತ್ತಿದ್ದಳಂತೆ. ತಮ್ಮನ್ನು ಕಥೆಗೆ ಎಳೆದಳೆಂದು ಊರವರು ಮಾತು ಬಿಟ್ಟರಂತೆ. ಈಗ ಅವಳ ಪುಸ್ತಕಗಳನ್ನು ಎಷ್ಟೋ ದೇಶದವರು ಓದುತ್ತಾರಂತೆ. ಈ ಯುದ್ಧಕ್ಕೆ ಎಷ್ಟೋ ಮೊದಲೇ ತೀರಿಕೊಂಡಳಂತೆ.

ನಾನು ಏನು ಮಾಡಬೇಕಿತ್ತು? ತಿದ್ದಬೇಕಿತ್ತು. ತಿದ್ದಲಿಲ್ಲ. ಮಾಸ್ತರರು ಹೆಣ್ಣನ್ನು ಗಂಡು ಮಾಡಿದರು ಎಂದು ಜನ ನಕ್ಕರೆ? ಸತ್ತವರನ್ನು ನಗೆಪಾಟಲು ಮಾಡಿದ ಪಾಪ ನನಗೇಕೆ ಎಂದು ಹೆದರಿ, ಮಾಸಿಕದ ಹಾಳೆಯನ್ನು ಟ್ರಂಕಿನ ತಳದಲ್ಲಿಟ್ಟು, ನೀವು ಬರೆಸಿದ ಚರಿತ್ರೆಯನ್ನು ಇದ್ದಂತೆಯೇ, ಅನುವಾದದ ಜೊತೆಗೆ, ಅಚ್ಚು ಹಾಕಲು ಗೋಕಾಕದ ಛಾಪಖಾನೆಗೆ ಕಳಿಸಿದೆ.

ಆ ಹೆದರಿಕೆಯೇ ನನಗೆ ಮುಳುವಾಯಿತು. ಚಳವಳಿಯ ಕರಪತ್ರ ಹುಡುಕಲು ಪೊಲೀಸರು ಛಾಪಖಾನೆಗೆ ನುಗ್ಗಿದಾಗ ಕರಪತ್ರ ಸಿಗಲಿಲ್ಲ, ನಿಮ್ಮ ನಾಲ್ಕು ಪುಟ ಸಿಕ್ಕಿತು. ಈ ಯುದ್ಧದಲ್ಲಿ ಇಟಲಿಯವರು ಬ್ರಿಟಿಷ್ ಸರಕಾರದ ವೈರಿಗಳು, ಕಾಕಾ. ಸೆರೆ ಹಿಡಿದು ತಂದ ಇಟಲಿಯ ಸಿಪಾಯಿಯೊಬ್ಬ ಎಲ್ಲಿಂದಲೋ ತಪ್ಪಿಸಿಕೊಂಡಿದ್ದಾನೆ ಎಂದು ಸಂತೆಯಲ್ಲೆಲ್ಲ ಗುಲ್ಲು. ಅಂಥದರಲ್ಲಿ ನೀವು, ಆತ ರೊಟ್ಟಿ ತಿನ್ನುತ್ತಾನೆ, ಹಿತ್ತಿಲಲ್ಲಿ ಕೂರುತ್ತಾನೆ ಎಂದು ಪಕ್ಕದಲ್ಲಿ ಕೂತು ಉಂಡವರ ಹಾಗೆ ಬರೆಸಿದ್ದೀರಿ! ಮೂರನೆಯ ದಿನ ಪೊಲೀಸನೊಬ್ಬ ಶಾಲೆಯ ಬಾಗಿಲಿಗೇ ಬಂದು ನಿಂತ. ಗಂಡ ಸತ್ತ ಹೆಂಗಸು, ಶಾಲೆಯ ಅಕ್ಕಾರು, ಮನೆಯಲ್ಲಿ ಪರದೇಶದ ಗಂಡಸನ್ನು ಅಡಗಿಸಿದ್ದಾಳೆ ಎಂದಾದರೆ ಜೈಲಿನ ಮಾತು ಹಾಗಿರಲಿ, ಊರಲ್ಲಿ ಮುಖ ಎತ್ತಿ ತಿರುಗಲಾದೀತೆ? ಮಾಸಿಕದ ಹಾಳೆಯನ್ನು ಟ್ರಂಕಿನಿಂದ ತೆಗೆದು ಸೆರಗಿಗೆ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಕಾಕು ನನ್ನ ಕೈ ಬಿಡಲಿಲ್ಲ.

ಫೌಜದಾರರು ನಿಮ್ಮ ಮಾತುಗಳನ್ನು ಅಕ್ಷರಶಃ ಗಟ್ಟಿಯಾಗಿ ಓದಿದರು. "ಅಕ್ಕಾರ, ಖರೆ ಹೇಳ್ರಿ. ಈ ಸಿಪಾಯಿ ಎಲ್ಲಿ ಅದಾನ?"

ಮಾಸಿಕದ ಹಾಳೆ ಸೆರಗಿನ ಗಂಟಿನಲ್ಲಿತ್ತು. ಗಂಟು ಬಿಚ್ಚಲು ಬೆರಳು ಬರಲಿಲ್ಲ. ಅಷ್ಟರಲ್ಲಿ ಕಾಕು ಮುಂದೆ ಸರಿದಳು. ಆಕೆಗೆ ಓದು ಬಾರದಲ್ಲ, ನೀವು ಬರೆಸಿದ ಚರಿತ್ರೆಯನ್ನು ಆವತ್ತೇ ಮೊದಲ ಸಲ ಕೇಳಿದ್ದು.

"ತಡೀರಿ ಸಾಹೇಬ್ರ. ಸಿಟ್ಟು ಬಂದ್ರ ಹಿತ್ತಲದಾಗ ಹೋಗಿ ಕುಂಡ್ರತಾನಂತೇನ್ರಿ?"

"ಹೌದು, ಹಂಗ ಬರದೈತಿ."

"ಎಡಗಿವಿ ಕೇಳೂದಿಲ್ಲಂತೇನ್ರಿ?"

"ಕೇಳೂದಿಲ್ಲ. ನಿಮಗ ಗೊತ್ತದಾನೇನು?"

"ಅಯ್ಯ ಶಿವನ! ಇವ್ರು ನಮ್ಮ ಮನ್ಯಾರರಿ! ಮೂವತ್ತ ವರ್ಷ ರೊಟ್ಟಿ ಬಡದ ಹಾಕೇನಿ, ನನಗ ಗೊತ್ತಾಗೂದಿಲ್ಲೇನು? ಹಿಡಕೊಂಡ ಹೋಗಬೇಕಂದ್ರ ಹುಕ್ಕೇರಿ ಮಣ್ಣಾಗ ಮಲಗ್ಯಾರ, ಹೋಗ್ರಿ!"

ಹೇಳಿದವಳೇ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಕಾಕಾ, ಪ್ರತಿ ಅಕ್ಷರ ಬರೆದುಕೊಂಡ ನನಗೆ ಹೊಳೆಯದೇ ಹೋದದ್ದು ಆಕೆಗೆ ಎರಡು ಸಾಲಿಗೆ ಹೊಳೆಯಿತು. ಆಗ ನನ್ನ ಬೆರಳು ಗಂಟು ಬಿಚ್ಚಿತು. ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟು, "ಬರದಾವ ಆತ ಅಲ್ರಿ, ಆಕಿ. ಆಕೀನೂ ಸತ್ತಾಳ. ಈ ಚರಿತ್ರೆ ನಮ್ಮ ಕಾಕಾ ಮನಸಿನಾಗ ಕಟ್ಟಿದ್ದು. ಗೊತ್ತಿದ್ದೂ ನಾ ತಿದ್ದಲಿಲ್ಲ, ತಪ್ಪು ನಂದು" ಎಂದೆ. ಫೌಜದಾರರು ಚಿತ್ರ ನೋಡಿದರು, ಕಾಕುವನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಪೊಲೀಸರೂ ನಕ್ಕರು. ನಾನು ಹೆದರಿದ್ದ ನಗೆ ಅದೇ. ಕೇಳಿಸಿಕೊಂಡು ನಿಂತೆ. ಕಾಗದಗಳನ್ನು ಮರಳಿ ಕೊಡುವಾಗ ಮಾತ್ರ ಅವರ ದನಿ ಬಿಗಿಯಾಯಿತು: "ಖರೇ ಚರಿತ್ರಿ ಬರೀರಿ. ಕೆಳಗ ನಿಮ್ಮ ಹೆಸರ ಹಾಕ್ರಿ. ಮತ್ತ ಸುಳ್ಳ ಸಿಕ್ರ ನಿಮ್ಮನ್ನ ಹಿಡೀತೇನಿ."

ಹದಿನಾರನೆಯ ವಯಸ್ಸಿನಲ್ಲಿ ನಾನೊಂದು ಕಥೆ ಬರೆದು ನಿಮಗೆ ತೋರಿಸಿದ್ದೆ. "ಹೆಣ್ಮಕ್ಕಳಿಗೆ ಇದೆಲ್ಲಾ ಯಾಕ ಬೇಕವಾ" ಎಂದು ಅದನ್ನು ಮಡಚಿ ಗೋಡೆಯ ಮಾಡದಲ್ಲಿ ಇಟ್ಟಿರಿ. ಸಿಟ್ಟಿನಿಂದ ಹೇಳಲಿಲ್ಲ, ಅಕ್ಕರೆಯಿಂದಲೇ ಹೇಳಿದಿರಿ. ಫೌಜದಾರರಿಗಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಆ ನೆನಪು. ಬರೆದವಳು ಹೆಣ್ಣು ಎಂದು ಮೊದಲೇ ಗೊತ್ತಿದ್ದರೆ ನೀವು ಆ ಒಂಬತ್ತು ವರ್ಷ ಕೊಡುತ್ತಿದ್ದಿರಾ? ಇಲ್ಲ, ಅದನ್ನೂ ಮಡಚಿ... ಬೇಡ. ನೀವು ಉತ್ತರ ಹೇಳಲಾರದ ಜಾಗದಲ್ಲಿದ್ದೀರಿ. ನಾನೂ ಕೇಳಲು ಇಷ್ಟು ದಿನ ತಡೆದೆ.

ಆಕೆಯ ಚರಿತ್ರೆಯನ್ನು ನಾನೇ ಬರೆದೆ. ನನಗೆ ತಿಳಿದದ್ದು ಆ ಹಾಳೆಯಲ್ಲಿದ್ದಷ್ಟೇ, ಆದ್ದರಿಂದ ಒಂದೇ ಪುಟ. ಪ್ರತಿ ಸಾಲಿಗೂ ಇದು ಖರೆಯೋ, ನಾನೂ ನಿಮ್ಮ ಹಾಗೆ ಕಟ್ಟುತ್ತಿದ್ದೇನೋ ಎಂದು ಹಾಳೆ ತೆಗೆದು ನೋಡಿದೆ. ಕೆಳಗೆ ನನ್ನ ಹೆಸರು ಪೂರ್ತಿ ಹಾಕಿದೆ. ಊರವರು ಏನೆನ್ನುತ್ತಾರೋ, ಫೌಜದಾರರು ಮತ್ತೆ ಕರೆಸುತ್ತಾರೋ, ಗೊತ್ತಿಲ್ಲ.

ನಿಮ್ಮ ನಾಲ್ಕು ಪುಟಗಳನ್ನು ಒಲೆಗೆ ಹಾಕೆಂದು ಛಾಪಖಾನೆಯವರು ಹೇಳಿದರು. ಹಾಕಲಿಲ್ಲ, ಕಾಕಾ. 'ಇಟಲಿ' ಮತ್ತು 'ಸಿಪಾಯಿ' ಎಂಬ ಎರಡು ಮಾತು ಹೊಡೆದುಹಾಕಿದೆ, ಉಳಿದ ಒಂದಕ್ಷರವನ್ನೂ ತಿದ್ದಲಿಲ್ಲ. ತಲೆಬರಹ ಮಾತ್ರ ಬದಲಿಸಿ ಇವತ್ತು ಮುಂಜಾನೆ ಅಚ್ಚಿಗೆ ಕೊಟ್ಟು ಬಂದೆ: 'ಅನುವಾದಕರ ಚರಿತ್ರೆ'.